ಪಟ್ಟಿಯಲ್ಲಿ ಇಲ್ಲದ ಚೊಚ್ಚಲ ಬಾಣಂತಿಯರು

ಸಂಖ್ಯಾಶಾಸ್ತ್ರವನ್ನು ನಾನು ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಹಾಗಾಗಿ ತಿರುವನಂತಪುರದ ಪಟ್ಟಂ ಬಡಾವಣೆಯಲ್ಲಿ, ಹಳ್ಳಿಯ ಬಾಣಂತಿಯರ ಆರೋಗ್ಯವನ್ನು ಅಧ್ಯಯನ ಮಾಡುವ ಸಣ್ಣ ಕಚೇರಿಯೊಂದು ಕೆಲಸ ಕೊಟ್ಟಾಗ ನನಗೆ ನಂಬಿಕೆಯೇ ಬರಲಿಲ್ಲ. ಕೊಚ್ಚಿ ಹತ್ತಿರದ ಆಲುವದ ಆಚೆಯ ಊರುಗಳಲ್ಲಿ ಗರ್ಭಿಣಿಯರನ್ನು ಒಮ್ಮೆ, ಹೆರಿಗೆಯಾದ ಮೇಲೆ ಇನ್ನೊಮ್ಮೆ ಕಂಡು ಪ್ರಶ್ನೆ ಕೇಳುತ್ತಿದ್ದರು. ಬಂದ ಉತ್ತರಗಳನ್ನು ಕಂಪ್ಯೂಟರಿನಲ್ಲಿ ಒಪ್ಪ ಮಾಡುವುದು ನನ್ನ ಕೆಲಸ.

ಎರಡನೇ ಸುತ್ತಿನಲ್ಲಿ ಕೆಲವರ ಎದುರು ‘ಮನೆಯಲ್ಲಿಲ್ಲ’ ಎಂದು ಬರೆದಿತ್ತು. ಅರ್ಧ ಉತ್ತರ ಇದ್ದರೆ ಲೆಕ್ಕ ಕೆಡುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದೆ. ಅಷ್ಟೂ ಹೆಸರು ತೆಗೆದೆ. ಪಟ್ಟಿ ನೋಡಲು ಚೆಂದವಾಯಿತು. ಮುಂದಿನ ಶುಕ್ರವಾರ ವರದಿ ಹೋಗಬೇಕಿತ್ತು.

ಸೋಮವಾರ ಆಲುವದಿಂದ ನಮ್ಮ ಕಚೇರಿಯ ಸಮೀಕ್ಷಕಿ ಬಂದರು, ನಾನು ಅಕ್ಕ ಎಂದು ಕರೆಯುವವರು. ಮೊದಲ ಸುತ್ತಿನಲ್ಲಿ ಮನೆಮನೆಗೆ ಹೋದವರು ಅವರೇ. ಎರಡನೆಯದಕ್ಕೆ ಬೇರೆಯವರು ಹೋಗಿದ್ದರು. ಅಕ್ಕ ನಮ್ಮ ಕಾಸರಗೋಡಿನವರು, ಮದುವೆಯಾಗಿ ಆಲುವದಲ್ಲಿ ನೆಲೆಸಿದವರು. ಪಟ್ಟಿ ನೋಡಿ ಕೇಳಿದರು,

“ಇದರಲ್ಲಿ ಚೊಚ್ಚಲಿನವರು ಒಬ್ಬರೂ ಇಲ್ಲವಲ್ಲ, ಎಂತ ಮಾಡಿದ್ದು ನೀನು?”

“ಅವರು ಮನೆಯಲ್ಲೇ ಇರಲಿಲ್ಲಂತೆ ಅಕ್ಕ. ತೆಗೆದೆ.”

“ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲೇ ತಾಯಿಮನೆಗೆ ಹೋದವಳು ಗಂಡನ ಮನೆಯಲ್ಲಿ ಹೇಗೆ ಸಿಗ್ತಾಳೆ ಮಾರಾಯ? ನಿನ್ನ ಸ್ವಂತ ಅಕ್ಕ ಎಲ್ಲಿ ಹೆತ್ತದ್ದು?”

ನಮ್ಮ ಮನೆಯಲ್ಲೇ. ಅವಳಿಗೆ ಒಳಕೋಣೆ ಬಿಟ್ಟು ನಾನು ಜಗಲಿಯಲ್ಲಿ ಮಲಗುತ್ತಿದ್ದೆ. ಸಂಖ್ಯಾಶಾಸ್ತ್ರದ ಮೊದಲ ಪಾಠ ನೋಡಿದ್ದೂ ಆ ಜಗಲಿಯಲ್ಲಿಯೇ.

ಅಕ್ಕ ಹಳೆಯ ಪಟ್ಟಿ ತೆಗೆಸಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. “ಇವಳು ಕೇಳಿದ್ದಳು, ಹೆತ್ತ ಮೇಲೂ ಬರ್ತೀರಲ್ಲ ಅಂತ. ಬರ್ತೇನೆ ಅಂತ ನಾನು ಮಾತು ಕೊಟ್ಟದ್ದುಂಟು. ಶುಕ್ರವಾರ ಇದು ಹೀಗೇ ಹೋದರೆ ಅವಳ ಮಾತು ಎಲ್ಲಿಯೂ ಇರುವುದಿಲ್ಲ.”

ಅವಳ ತಾಯಿಮನೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿತ್ತು. ಬರಬಹುದೇ ಎಂದು ಅಕ್ಕ ಫೋನ್ ಮಾಡಿ ಕೇಳಿದರು. ಬುಧವಾರ ಇಬ್ಬರೂ ಹೋದೆವು. ಅಕ್ಕ ಒಳಗೆ ಹೋದರು, ನಾನು ಮೆಟ್ಟಿಲ ಮೇಲೆ ಕೂತೆ. ಅವಳ ತಾಯಿ ಚಹಾ ತಂದು ಮಲಯಾಳಂನಲ್ಲಿ ಕೇಳಿದರು, “ಮಗಾ, ನೀನೂ ಪ್ರಶ್ನೆ ಕೇಳುವವನಾ?”

“ಇಲ್ಲ ಅಮ್ಮ, ಬರೆದುಕೊಳ್ಳುವವನು.”

“ಹಾಗಾದರೆ ಸರಿಯಾಗಿ ಬರೆದುಕೋ. ಎರಡು ತಿಂಗಳಿಂದ ಹೇಳಲಿಕ್ಕೆ ಕಾಯ್ತಿದ್ದಾಳೆ.”

ಒಳಗಿನ ಮಾತು ಒಂದು ಗಂಟೆಗೂ ಹೆಚ್ಚು ನಡೆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೊಟ್ಟ ಹಾಳೆಗಳನ್ನು ಓದಿದೆ. ಹೆರಿಗೆಯ ಹೊಲಿಗೆಯಲ್ಲಿ ಕೀವಾಗಿ ಒಂದು ವಾರ ಜ್ವರ. ಗಂಡನ ಊರಿನ ಆರೋಗ್ಯ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು, ಅವಳು ಅಲ್ಲಿರಲಿಲ್ಲ. ತಾಯಿಮನೆಯಲ್ಲಿ ಅವಳಿದ್ದಳು, ಆ ಊರಿನ ಪಟ್ಟಿಯಲ್ಲಿ ಹೆಸರಿರಲಿಲ್ಲ. ವಿಚಾರಿಸಲು ಎರಡೂ ಕಡೆಯಿಂದ ಯಾರೂ ಬಂದಿರಲಿಲ್ಲ. ಕೊನೆಗೆ ತಾಯಿಯೇ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದಿದ್ದರು.

ನಾನು ತೆಗೆದುಹಾಕಿದ್ದು ಇದನ್ನು.

ಕಚೇರಿಯ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ಅವರು ವರದಿಯನ್ನು ತಡೆದರು. ಹೆಸರುಗಳನ್ನೆಲ್ಲ ಮತ್ತೆ ಸೇರಿಸಿ ‘ತಾಯಿಮನೆಯ ಊರು’ ಎಂಬ ಹೊಸ ಕಾಲಂ ಮಾಡಿದೆ. ಶುಕ್ರವಾರ ಸಂಜೆ ಆ ಕಾಲಂನಲ್ಲಿ ಒಂದೇ ಊರು ಇತ್ತು, ಮಟ್ಟಾಂಚೇರಿ. ಉಳಿದವರ ತಾಯಿಮನೆ ಎಲ್ಲಿ ಎಂದು ಕೇಳಲು ಅವರ ಫೋನ್ ನಂಬರುಗಳನ್ನು ಅಕ್ಕ ಒಂದೊಂದಾಗಿ ಓದಿ ಹೇಳುತ್ತಿದ್ದರು.