ಸುಮ್ಮನೆ ಕೂತು ನೋಡುವ ಕೆಲಸ

ಕೋವಿಡ್‌ಗೆ ಹಿಂದಿನ ವರ್ಷ ನಾನು ಇಳಕಲ್ ಹತ್ತಿರದ ಒಂದು ಗ್ರಾನೈಟ್ ಕ್ವಾರಿಯಲ್ಲಿ ಮ್ಯಾನೇಜರ್ ಆಗಿದ್ದೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಎಲ್ಲವೂ ಹಾಗೆ ಕ್ರಮವಾಗಿ ನಡೆಯಿತೆಂದು ನನಗೆ ನಂಬಿಕೆಯಿಲ್ಲ.

ನನ್ನ ತಂದೆ ಬಾದಾಮಿಯಲ್ಲಿ ವೇದ ಕಲಿಸುತ್ತಿದ್ದರು. ದೊಡ್ಡ ಯಜ್ಞದಲ್ಲಿ ನಾಲ್ವರು ಮುಖ್ಯ ಋತ್ವಿಜರು ಇರುತ್ತಾರೆ ಎಂದು ತಿಳಿದದ್ದು ಅವರಿಂದ. ಮೂವರು ಮಂತ್ರ ಹೇಳುತ್ತ, ಹಾಡುತ್ತ, ಆಹುತಿ ಕೊಡುತ್ತ ದುಡಿಯುತ್ತಾರೆ. ಬ್ರಹ್ಮನೆಂಬ ನಾಲ್ಕನೆಯವನು ಸುಮ್ಮನೆ ಕೂತು ನೋಡುತ್ತಾನೆ. ತಪ್ಪು ಕಂಡರೆ ಅದನ್ನು ಸರಿಪಡಿಸುವ ಹೊಣೆ ಅವನದು.

ನಮಗೂ ಅಂಥವನೊಬ್ಬ ಬೇಕು ಅನ್ನಿಸಿತು. ಬಂಡೆ ಕೊಯ್ಯುವ ವೈರ್ ಸಾ ಅಂದರೆ ವಜ್ರದ ಮಣಿ ಪೋಣಿಸಿದ ಉಕ್ಕಿನ ಹಗ್ಗ. ಅದು ಹರಿದರೆ ಮಣಿಗಳು ಗುಂಡಿನಂತೆ ಸಿಡಿಯುತ್ತವೆ. ಎಲ್ಲರಿಗಿಂತ ಹಿರಿಯನಾದ ದಸ್ತಗೀರಸಾಬನಿಗೆ ಒಂದು ಕುರ್ಚಿ, ಒಂದು ಸೀಟಿ ಕೊಟ್ಟೆ. ಸೀಟಿ ಊದಿದರೆ ಯಂತ್ರ ನಿಲ್ಲಬೇಕು.

ಯಂತ್ರ ನಡೆಸುವ ವೀರೇಶ ನಕ್ಕ. "ಕುಂತ ಪಗಾರ ತಗೋತಿ ನೋಡು, ಕಾಕಾ!"

"ಲೇ, ನಿನ್ನ ತಪ್ಪು ನೋಡೂದರಾಗ ನನ್ನ ಕಣ್ಣು ಹೊಂಟಾವಲೇ!"

ದಸ್ತಗೀರ ಹಲವು ಸಲ ಸೀಟಿ ಊದಿದ. ನನ್ನ ತಪ್ಪಿಗೆ ಒಮ್ಮೆಯೂ ಊದಲಿಲ್ಲ. ನಾನು ತಪ್ಪೇ ಮಾಡುತ್ತಿಲ್ಲ ಎಂದುಕೊಂಡೆ.

ಒಂದು ಬೆಳಿಗ್ಗೆ ಬಾಗಲಕೋಟೆಯಿಂದ ಕಾಲೇಜು ವಿದ್ಯಾರ್ಥಿಗಳು ಬಂದರು. ಹಗ್ಗ ಓಡುವುದು ಅವರಿಗೆ ಕಾಣಲೆಂದು ಯಂತ್ರದ ಮುಂದಿನ, ಸಿಡಿದ ಮಣಿ ತಡೆಯುವ ರಬ್ಬರ್ ಪರದೆ ತೆಗೆಸಿದೆ. ಅವರನ್ನು ದೂರ ನಿಲ್ಲಿಸಿ ಆ ನಾಲ್ಕನೆಯ ಋತ್ವಿಜನ ಬಗ್ಗೆ ಹೇಳುತ್ತಿದ್ದೆ. ದಸ್ತಗೀರ ಸೀಟಿ ಹಿಡಿದು ಎದ್ದು ನಿಂತ. ಕೂತುಕೋ ಎಂದು ನಾನು ಅಂಗೈ ತೋರಿಸಿದೆ. ಅಥವಾ ತೋರಿಸಿರಲಿಕ್ಕಿಲ್ಲ, ಸರಿಯಾಗಿ ನೆನಪಿಲ್ಲ. ಹಗ್ಗ ಹರಿಯಿತು. ಸಿಡಿದ ಒಂದು ಮಣಿಯಿಂದ ವೀರೇಶನ ಎಡಗಣ್ಣು ಹೋಯಿತು. ಆಗ ನನಗೆ ಏನನ್ನಿಸಿತೆಂದು ಕೇಳಿದರೆ, ಏನೂ ಅನ್ನಿಸಲಿಲ್ಲ. ಬಸ್ಸಿನ ಹತ್ತಿರ ವಿದ್ಯಾರ್ಥಿಗಳ ತಲೆ ಎಣಿಸಿದ್ದು ನೆನಪಿದೆ.

ತನಿಖೆಗೆ ಬಂದ ಅಧಿಕಾರಿ ದಸ್ತಗೀರನನ್ನು ಕೇಳಿದರು: "ಸೀಟಿ ಯಾಕ ಊದಲಿಲ್ಲ?"

"ಲಕ್ಷ್ಯ ತಪ್ಪಿತ್ರಿ, ಸಾಹೇಬ್ರ."

ಹಾಗೇ ಬರೆದುಕೊಂಡರು. ಅವನ ಕೆಲಸ ಹೋಗುವುದು ಖಚಿತವಾಗಿತ್ತು. ನಾನು ಅಲ್ಲೇ ಕೂತು ನೋಡುತ್ತಿದ್ದೆ. ಹೊರಗೆ ಬಂದ ಮೇಲೆ ಕೇಳಿದೆ: "ನೀ ಎದ್ದು ನಿಂತಿದ್ದಿ. ನಾ ಕೂಡು ಅಂತ ಕೈ ಮಾಡಿದ್ನೇನು?"

"ಬಿಡ್ರಿ ಸಾಹೇಬ್ರ. ಮಂದಿ ಮುಂದ ಮಾತಾಡಾಕತ್ತಿದ್ರಿ. ನಡುವ ಹೆಂಗ ಊದ್ಲಿರಿ?"

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಕೈ ತೋರಿಸಿದೆನೋ ಇಲ್ಲವೋ ನೆನಪಾಗುತ್ತಿಲ್ಲ ಎಂದು. ಅವಳು ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ತೋರಿಸಿರ್ತೀರಿ. ನಾವು ಏನರೆ ಹೇಳಾಕ ಬಂದ್ರ ಮನ್ಯಾಗೂ ಹಂಗ ಮಾಡ್ತೀರಿ."

"ಯಾವಾಗಿಂದ?"

"ಮದುವ್ಯಾದಾಗಿಂದ."

ಮರುದಿನ ಅಧಿಕಾರಿಗೆ ಇನ್ನೊಂದು ಹೇಳಿಕೆ ಕೊಟ್ಟೆ: ಪರದೆ ತೆಗೆಸಿದವನು ನಾನು, ದಸ್ತಗೀರ ಎದ್ದು ನಿಂತಿದ್ದ, ಅವನನ್ನು ಕೂರಿಸಿದವನೂ ನಾನು. ಕೊನೆಯದು ನೆನಪಿನಿಂದ ಹೇಳಿದ್ದಲ್ಲ, ಹೆಂಡತಿಯ ಮಾತಿನ ಮೇಲೆ ಹೇಳಿದ್ದು. ದಸ್ತಗೀರನ ಕೆಲಸ ಉಳಿಯಿತು, ನನ್ನದು ಹೋಯಿತು. ವೀರೇಶನ ಕಣ್ಣಿಗೆ ಇದರಿಂದ ಏನೂ ಆಗಲಿಲ್ಲ.

ತಪ್ಪು ಹೇಳುವವನನ್ನು ನೇಮಿಸಿದರೆ ಸಾಲದು. ನೇಮಿಸಿದವನು ಮೊದಲು ಎಲ್ಲರೆದುರು ಅವನಿಂದ ಒಮ್ಮೆ ತಡೆಸಿಕೊಳ್ಳಬೇಕು, ತಡೆದಾಗ ನಿಲ್ಲಬೇಕು. ತಂದೆ ಇದನ್ನೂ ಹೇಳಿದ್ದರೇನೋ. ಅವರು ಹೇಳುವಾಗ ನಾನು ಪೂರ್ತಿ ಕೇಳಿದ್ದೆನೆಂದು ಈಗ ಅನ್ನಿಸುವುದಿಲ್ಲ.