ನಾಲ್ಕು ಗಂಟೆಗೇ ಮುಳುಗುವ ಸೂರ್ಯ

ಕೊಡದ ಬಾಯಿಗೆ ಎರಡು ಮಡಿಕೆಯ ಅರಿವೆ ಕಟ್ಟಿ ನೀರು ಸೋಸುತ್ತಿದ್ದೆ. ಬೆಳಗಿನ ಹನ್ನೊಂದೂವರೆಯಾಗಿದ್ದರೂ ಅಡುಗೆಮನೆಯ ದೀಪ ಆರಿಸುವಷ್ಟು ಬೆಳಕಿರಲಿಲ್ಲ. ಮ್ಯಾಂಚೆಸ್ಟರಿಗೆ ಬಂದು ಇದು ಮೂರನೆಯ ಚಳಿಗಾಲ. ಈ ಅರೆಗತ್ತಲು ಇನ್ನೂ ಒಗ್ಗಿಲ್ಲ. ಇಲ್ಲಿಯವರು ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯುತ್ತಾರೆ. ಚಿಕ್ಕೋಡಿಯಲ್ಲಿ ನಾವು ಸೋಸಿದ ಮೇಲೆ ಅರಿವೆ ತಿರುವಿ, ಅದರಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮತ್ತೆ ಬಾವಿಗೇ ಬಿಡುತ್ತಿದ್ದೆವು. ಇಲ್ಲಿ ಬಾವಿಯೆಲ್ಲಿ? ಸಿಂಕಿನಲ್ಲೇ ಜಾಲಿಸಿ ಕೈಮುಗಿಯುತ್ತೇನೆ.

ಆಗ ದಿಗ್ಗೇವಾಡಿಯಿಂದ ನನ್ನ ಅಕ್ಕನ ಫೋನು ಬಂತು. ಅಲ್ಲಿ ಸಂಜೆ ಐದು. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ತಾಟು ಮುಂದಿಟ್ಟುಕೊಂಡೇ ಮಾತಾಡುತ್ತಿದ್ದಳು.

"ಸುಮತಿ, ನಿನ್ನ ಮಗಳು ಟಿವಿಯಾಗ ನಿನ್ನ ಮಾತ ತಗದಾಳ. ಬಸದಿ ಕಟ್ಟಿ ಮ್ಯಾಲ ಕುಂತವರೆಲ್ಲಾ ಮೊಬೈಲಿನಾಗ ಅದನ್ನ ನೋಡಾಕತ್ತಾರ."

ನನ್ನ ಮಗಳು ತ್ರಿಶಲಾ ಟೆನಿಸ್ ಆಡುತ್ತಿದ್ದವಳು. ಚಿಕ್ಕೋಡಿಯಲ್ಲಿ ಆಗ ಟೆನಿಸ್ ಅಂಗಳವಿರಲಿಲ್ಲ. ನಮ್ಮವರು ಅರಿವೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ದಿನಾ ಬಸ್ಸಿನಲ್ಲಿ ಅವಳನ್ನು ಕೊಲ್ಲಾಪುರಕ್ಕೆ ಕರೆದೊಯ್ಯುತ್ತಿದ್ದರು. ಹತ್ತು ವರ್ಷ ದೇಶ ದೇಶ ಸುತ್ತಿ ಆಡಿದಳು. ದೊಡ್ಡ ಪಂದ್ಯಾವಳಿಯ ಬಾಗಿಲತನಕ ಹೋಗಿ, ಅರ್ಹತೆಯ ಕೊನೆಯ ಪಂದ್ಯದಲ್ಲಿ ಸೋತು ತಿರುಗಿ ಬಂದಳು. ಆಮೇಲೆ ಮೊಣಕಾಲು ಕೈಕೊಟ್ಟಿತು. ಈಗ ಈ ಊರಿನ ಸ್ಟುಡಿಯೊದಲ್ಲಿ ಕೂತು, ಬೇರೆಯವರು ಆಡುವುದನ್ನು ನೋಡಿ ಟಿವಿಯಲ್ಲಿ ವಿವರಿಸುತ್ತಾಳೆ. ನಮ್ಮವರು ತೀರಿಕೊಂಡ ಮೇಲೆ ನನ್ನನ್ನೂ ಕರೆದುಕೊಂಡು ಬಂದಳು.

ಅಕ್ಕ ಕಳಿಸಿದ ತುಣುಕು ನೋಡಿದೆ. ಯಾರೋ ಪುಣ್ಯಾತ್ಮರು ಅವಳ ಇಂಗ್ಲಿಷಿನ ಕೆಳಗೆ ಕನ್ನಡ ಬರೆದಿದ್ದರು. ಆಸ್ಟ್ರೇಲಿಯಾದ ದೀಪದ ಬೆಳಕಿನ ಪಂದ್ಯ. ಹುಡುಗಿಯೊಬ್ಬಳು ಮೂರನೆಯ ಸೆಟ್ಟಿನಲ್ಲಿ ಕಾಲೆಳೆಯುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಕಾಲು ಹೀಗೇ ಆಗುತ್ತವೆ, ನನಗೆ ಗೊತ್ತು ಅಂದಳು ತ್ರಿಶಲಾ. ಹೊತ್ತು ಮುಳುಗಿದ ಮೇಲೆ ತಿನ್ನುವುದಿಲ್ಲ ಎಂದು ಅವ್ವನ ಮುಂದೆ ವ್ರತ ತೆಗೆದುಕೊಂಡಿದ್ದೆ, ಆ ಕೊನೆಯ ಪಂದ್ಯ ದೀಪದ ಬೆಳಕಿನಲ್ಲೇ ಬಂತು, ಕೋಚ್ ಬಾಳೆಹಣ್ಣು ಹಿಡಿದು ನಿಂತಿದ್ದರು, ನಾನು ನೀರಷ್ಟೇ ಕುಡಿದೆ ಅಂದಳು. ಇಷ್ಟು ವರ್ಷ ಈ ಮಾತು ನನ್ನ ಮುಂದೆ ಎತ್ತಿರಲಿಲ್ಲ. ಕಾಲು ಹಿಡಿದುಕೊಂಡವು ಅಂತಷ್ಟೇ ಹೇಳಿದ್ದಳು.

ಮುಂದಿನ ಚಾತುರ್ಮಾಸಕ್ಕೆ ನಾನು ಊರಿಗೆ ಹೋದಾಗ, ಇಂಥ ಮಗಳನ್ನು ಬೆಳೆಸಿದ್ದಕ್ಕೆ ದಿಗ್ಗೇವಾಡಿಯ ಬಸದಿಯಲ್ಲಿ ನನಗೆ ಸೀರೆ ಹೊದಿಸಿ ಸನ್ಮಾನ ಮಾಡುತ್ತಾರಂತೆ. ನಾನು ಮತ್ತೆ ಫೋನು ಕಿವಿಗಿಟ್ಟಾಗ ಅಕ್ಕ ಹಿಗ್ಗಿ ಹೇಳಿದಳು. ಆಮೇಲೆ ಕೇಳಿದಳು: "ಅಲ್ಲೆ ನಾಕಕ್ಕ ಕತ್ತಲಾಕ್ಕೈತಂತಲ್ಲ, ನೀ ಹ್ಯಾಂಗ ನಡಸಾಕತ್ತಿ?"

"ನಡದೈತಿ ಅಕ್ಕಾ" ಅಂದೆ.

ನಡೆದಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಇಲ್ಲಿ ಒಂಬತ್ತೂವರೆತನಕ ಬಿಸಿಲು. ಆಗ ನನ್ನಂಥ ವ್ರತಸ್ಥೆ ಇನ್ನೊಬ್ಬಳಿಲ್ಲ. ಚಳಿಗಾಲದ ಸೂರ್ಯ ಮಾತ್ರ ನಾಲ್ಕಕ್ಕೇ ಹೋಗಿಬಿಡುತ್ತಾನೆ. ಮೊದಲ ಚಳಿಗಾಲ ತ್ರಿಶಲಾ ಎರಡು ವಾರ ಆಸ್ಟ್ರೇಲಿಯಾಕ್ಕೇ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಮಾತಿಗೆ ಇದ್ದವನೆಂದರೆ ಜೋಳದ ಹಿಟ್ಟಿನ ಅಂಗಡಿಯ ಮುಸಲ್ಮಾನ ಅಣ್ಣ. ನಿಪ್ಪಾಣಿಯ ಸಂತೆಯಲ್ಲಿ ಕಲಿತ ನನ್ನ ಹರಕು ಉರ್ದು ಅವನಿಗೆ ತಿಳಿಯುತ್ತಿತ್ತು, ಅದೂ ದೇವರ ದಯೆಯೇ. ಒಂದು ದಿನ ಪಕ್ಕದ ಮನೆಯ ಮುದುಕಿ ಜೋನ್ ಬಾಗಿಲು ಬಡಿದು, ಐದಕ್ಕೆ "ಟೀ"ಗೆ ಬಾ ಅಂದಳು. ಚಹಾ ತಾನೇ, ಬರೀ ಬಿಸಿನೀರು ಕೇಳಿದರಾಯಿತು ಅಂತ ಹೋದೆ. ಈ ಕಡೆಯವರ ಬಾಯಲ್ಲಿ ಟೀ ಅಂದರೆ ಸಂಜೆಯ ಊಟವಂತೆ. ನನಗಾಗಿ ಮೊಟ್ಟೆ ಮಾಂಸ ಬಿಟ್ಟು, ಚೀಸು ತುಂಬಿದ ಕಡುಬಿನಂಥದ್ದು ಸುಟ್ಟಿಟ್ಟಿದ್ದಳು. ಹೊರಗೆ ಗವ್ವೆನ್ನುವ ಕತ್ತಲು. ಒಲ್ಲೆ ಅನ್ನಲಾಗದೆ ಣಮೋಕಾರ ಮಂತ್ರ ಹೇಳಿಕೊಂಡು ತಿಂದೆ.

ಅಷ್ಟಕ್ಕೇ ನಿಂತಿದ್ದರೆ ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದಿತ್ತು. ಮರುದಿನ ಸಂಜೆ ಆರಕ್ಕೆ ಹಸಿದು ನಡುಗುತ್ತಾ ಎದ್ದು, ನಾನೇ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ, ದೀಪ ಆರಿಸಿ, ನಿಂತುಕೊಂಡೇ. ನನ್ನ ವ್ರತದ ಬಗ್ಗೆ ಯಾರಿಗೂ ಗೊತ್ತಿರದ ಊರಿನಲ್ಲಿ ಯಾರಿಗೆ ಹೆದರಿ ದೀಪ ಆರಿಸಿದೆನೋ. ಮಗಳು ಮನೆಯಲ್ಲಿದ್ದ ದಿನ, ನನಗೋಸ್ಕರ ಅವಳೂ ಮೂರೂವರೆಗೇ ಊಟಕ್ಕೆ ಕೂರುತ್ತಾಳೆ. ಆಮೇಲೆ ಅವಳು ಮಾಳಿಗೆಗೆ ಹೋದ ಕೂಡಲೇ ನಾನು ಬಿಸ್ಕಿಟ್ ಡಬ್ಬಿ ತೆಗೆಯುತ್ತೇನೆ.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಅವಳಿಗೆ ಹದಿನಾಲ್ಕಾದಾಗ ಮೊದಲ ಸಲ ಹೊರದೇಶಕ್ಕೆ ಹೊರಟಿದ್ದಳು. ಗಿಡ್ಡ ಲಂಗ ಹಾಕಿಕೊಂಡು ಊರೂರು ಕುಣಿಯುವ ಹುಡುಗಿ ಅಂತ ನೆಂಟರು ನನ್ನ ಎದುರಿಗೇ ಅನ್ನುತ್ತಿದ್ದರು. ಐಗಳಿಯಲ್ಲಿ ಮುನಿಗಳ ಚಾತುರ್ಮಾಸ ನಡೆದಿತ್ತು. ಎಲ್ಲರೂ ನೋಡಲಿ ಅಂತಲೇ ಅವಳನ್ನು ಕರೆದುಕೊಂಡು ಹೋಗಿ, ರಾತ್ರಿ ಉಣ್ಣದ ವ್ರತ ಬೇಡಿದೆ. ಮುನಿ ಮಹಾರಾಜರು ಮಗುವಿನ ಮುಖ ನೋಡಿ, ನಾಲ್ಕು ತಿಂಗಳಿಗೆ ಸಾಕು ಅಂದರು. ನಾನು ಬಿಡಲಿಲ್ಲ: "ಜೀವ ಇರೂತನಕ ಕೊಡ್ರಿ ಮಹಾರಾಜ್ರ." ಧರ್ಮಕ್ಕಾಗಿ ಕೇಳಿದ್ದಲ್ಲ ಅದು. ನೆಂಟರ ಬಾಯಿ ಮುಚ್ಚಿಸಲು ಕೂಸಿನ ಹೊಟ್ಟೆ ಕಟ್ಟಿದೆ.

ಅಕ್ಕನ ಫೋನು ಬಂದ ದಿನ ಮೂರೂವರೆಗೆ ತ್ರಿಶಲಾ ಓಡುತ್ತಾ ಬಂದಳು. ಕೋಟು ಕಳಚುತ್ತಲೇ ಅಂದಳು, "ಅವ್ವಾ, ತಡಾ ಆತು. ಇನ್ನ ಅರ್ಧಾ ತಾಸು ಹೊತ್ತೈತಿ, ಕುಂದರ ಬಾ."

ತಾಟು ಹಾಕಲು ನನ್ನಿಂದಾಗಲಿಲ್ಲ. "ತಂಗಿ, ನಾ ಕತ್ತಲಾದ ಮ್ಯಾಲ ತಿಂತೀನಿ. ಮೊದಲ ವರ್ಷದಿಂದನ."

ಕೈ ತೊಳೆಯುತ್ತಿದ್ದವಳು ತಿರುಗಲಿಲ್ಲ. "ಗೊತ್ತೈತಿ ಬೇ. ಆ ಡಬ್ಬಿ ತಾನ ತುಂಬತೈತಿ ಅಂತ ಮಾಡಿದ್ದೇನ?"

ನಾನು ಮಣೆಯ ಮೇಲೆ ಕೂತೆ. ಆ ಕೊನೆಯ ಪಂದ್ಯದ ದಿನ ನೀನೇಕೆ ವ್ರತ ಬಿಡಲಿಲ್ಲ ಅಂತ ಕೇಳಿದೆ.

"ಕೋಚ್ ಕೊಟ್ಟ ಹಣ್ಣ ಸುಲದಿದ್ದೆ" ಅಂದಳು. "ನಿನ್ನ ಮಾರಿ ನೆನಪಾತು. ತಿರುಗಿ ಚೀಲದಾಗ ಇಟ್ಟೆ."

ಬೈದಿದ್ದರೆ ಸೈರಿಸುತ್ತಿದ್ದೆ. ಇಬ್ಬರೂ ಉಂಡೆವು. ಅವಳು ಎರಡನೆಯ ರೊಟ್ಟಿಗೆ ತುಪ್ಪ ಹೆಚ್ಚು ಕೇಳಿದಳು, ಅಷ್ಟು ದಯೆಯಾದರೂ ನನಗೆ ಸಿಕ್ಕಿತು.

ದಿಗ್ಗೇವಾಡಿಯ ಹಿರಿಯರೇ, ಸೀರೆ ತರಬೇಡಿರಿ. ಬಸದಿಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಿಮ್ಮ ಸೂರ್ಯನ ಲೆಕ್ಕಕ್ಕೆ ನಾನೀಗ ನಿಲ್ಲುವವಳಲ್ಲ. ಇಲ್ಲಿಯ ಸೂರ್ಯನ ಜೊತೆ ಏಗುವುದನ್ನು ಇನ್ನೂ ಕಲಿತಿಲ್ಲ.

ಬೆಳಿಗ್ಗೆ ಫೋನು ಬಂದಾಗ ಬಿಟ್ಟ ಕೊಡ ಅರ್ಧ ತುಂಬಿ ಹಾಗೇ ನಿಂತಿತ್ತು. ಊಟ ಮುಗಿಸಿ ಎದ್ದು ಉಳಿದ ನೀರು ಸೋಸಿ, ಅರಿವೆ ತಿರುವಿ ಸಿಂಕಿನಲ್ಲಿ ಜಾಲಿಸಿದೆ.