ಪಲ್ಲವಿಗೆ ಮುಂಚೆ ಬಂದ ಶಾಲು

ನನ್ನ ಮೆಚ್ಚಿನ ಒಂದು ಹಾಡಿದೆ; ಈಗ ಅದನ್ನು ಫೋನಿನಲ್ಲಿ ಹಾಕಿದರೆ ನಾಲ್ಕೇ ನಿಮಿಷಕ್ಕೆ ಮುಗಿದುಹೋಗುತ್ತದೆ. ವೇದಿಕೆಯ ಮೇಲೆ ಹಾಗಲ್ಲ. ನಿಂತಲ್ಲೇ ಹಾಡು ಬೆಳೆಸುತ್ತ ಹೋಗುವ ಜಾಮ್ ಬ್ಯಾಂಡಿನವರು ಪಲ್ಲವಿ ಹಾಡಿ, ಅಲ್ಲಿಂದ ಎತ್ತಲೋ ಹೊರಟು, ಕಾಲು ಗಂಟೆ ಸುತ್ತಾಡಿ ಮತ್ತೆ ಅದೇ ಪಲ್ಲವಿಗೆ ಬಂದು ಸೇರುತ್ತಾರೆ. ನನಗೆ ಆ ತಂಡದ ಹುಚ್ಚು. ನಮ್ಮ ದೊಡ್ಡಪ್ಪನಿಗೆ ಅದು ಬರೀ ಗಲಾಟೆ. ಚಿಂತಾಮಣಿಯಲ್ಲಿ ವರ್ಷಗಟ್ಟಲೆ ಭಜನೆ ನಡೆಸಿ, ಈಚೆಗೆ ನಿಲ್ಲಿಸಿದವರು ಅವರು. ನನಗೆ ತಾಳ ಹಾಕುವುದನ್ನೂ ಮಾತಾಡುವುದನ್ನೂ ಕಲಿಸಿದವರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸಲೇಬೇಕೆಂಬ ಹಟ ನನಗೆ.

ತಂಡ ಚಿಕ್ಕಬಳ್ಳಾಪುರದ ಕಾಲೇಜು ಮೈದಾನಕ್ಕೆ ಬಂದಾಗ ದೊಡ್ಡಪ್ಪನನ್ನು ಬಸ್ಸು ಹತ್ತಿಸಿಕೊಂಡು ಹೋದೆ.

"ಹಿಡಿಸ್ಲಿಲ್ಲ ಅಂದ್ರೆ ನಡುವೇನೇ ಎದ್ದು ಬರ್ತೀನಿ. ಆಮೇಲೆ ಮುಖ ಊದಿಸ್ಕೋಬೇಡಪ್ಪ" ಎಂದು ದಾರಿಯಲ್ಲೇ ಹೇಳಿದ್ದರು.

ಸಂಜೆ ಬಿಸಿಲು ಇನ್ನೂ ಇತ್ತು. ಮೊದಲೆರಡು ಹಾಡಿಗೆ ದೊಡ್ಡಪ್ಪ ಕಡಲೆಕಾಯಿ ಸುಲಿದರು. ಮೂರನೆಯದೇ ನಾನು ಕಾದಿದ್ದ ಹಾಡು. ಪಲ್ಲವಿ ಆಯಿತು, ಗಿಟಾರು ತನ್ನ ಪಾಡಿಗೆ ಹೊರಟಿತು. ಕೀಬೋರ್ಡಿನವನು ಅದರ ಹಿಂದೆ ಬಿದ್ದ, ಡ್ರಮ್ಮಿನವನು ಇಬ್ಬರನ್ನೂ ಅಟ್ಟಿಕೊಂಡು ಹೋದ. ನಾನು ಹಾಡು ಬಿಟ್ಟು ದೊಡ್ಡಪ್ಪ ಬಿಚ್ಚಿಟ್ಟಿದ್ದ ಚಪ್ಪಲಿಯನ್ನೇ ನೋಡುತ್ತಿದ್ದೆ. ಕಾಲು ಅದರೊಳಗೆ ತೂರಿತೋ, ನನ್ನ ಕಥೆ ಮುಗಿಯಿತು.

ಹತ್ತು ನಿಮಿಷದ ಮೇಲೆ ಸದ್ದೆಲ್ಲ ಇಳಿದು, ಡ್ರಮ್ಮಿನ ಮೇಲೆ ಒಂದು ಕಡ್ಡಿ ಮಾತ್ರ ಮೆಲ್ಲಗೆ ಆಡುತ್ತಿತ್ತು. ಹಾಡು ಮುಗಿಯಿತೆಂದುಕೊಂಡ ಕಾರ್ಯಕ್ರಮದವರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಹತ್ತಿಯೇಬಿಟ್ಟರು! "ಈಗ ಕಲಾವಿದರಿಗೆ ಸನ್ಮಾನ" ಎಂದು ಮೈಕಿನಲ್ಲಿ ಸಾರಿದರು. ಗಿಟಾರಿನವನ ಕೊರಳಿಗೆ ಹಾರ ಬಿತ್ತು. ಪಾಪ, ತಂತಿ ಬಿಡಲಾರದೆ, ಕೈ ಮುಗಿಯಲಾರದೆ ತಲೆ ಮಾತ್ರ ಬಗ್ಗಿಸಿದ. ಜನ ಚಪ್ಪಾಳೆ ತಟ್ಟಿದರು.

ದೊಡ್ಡಪ್ಪ ದಡಕ್ಕನೆ ಎದ್ದರು. ಹೊರಟರು ಅಂದುಕೊಂಡೆ.

"ಏ, ಇಳೀರಪ್ಪಾ ಕೆಳಗೆ! ಪಲ್ಲವಿ ಇನ್ನೂ ತಿರುಗಿ ಬಂದಿಲ್ಲ, ಆಗ್ಲೇ ಶಾಲು ತಂದವ್ರೆ! ತಾಳ ನಡೀತಾ ಐತೆ, ಕೇಳಿಸ್ತಿಲ್ವಾ?"

ಭಜನೆಯ ಗಂಟಲು, ಮೈಕು ಬೇಕಿರಲಿಲ್ಲ. ಮುಂದೆ ಕೂತಿದ್ದ ಕಾಲೇಜು ಹುಡುಗಿಯರು "ತಾತಾ, ಸೂಪರ್!" ಎಂದು ಕೂಗಿದರು. ಶಾಲು ಹಿಡಿದವರು ಮೂಲೆಗೆ ಸರಿದರು, ದೊಡ್ಡಪ್ಪ ಮತ್ತೆ ನನ್ನ ಪಕ್ಕ ಕೂತರು. ಡ್ರಮ್ಮಿನವನು ನಮ್ಮತ್ತ ಕಡ್ಡಿ ಎತ್ತಿ ತೋರಿಸಿ, ತಾಳವನ್ನು ಮತ್ತೆ ಬಿಗಿಯಾಗಿ ಹಿಡಿದ. ಏರಿ ಏರಿ ಕೊನೆಗೆ ಪಲ್ಲವಿ ಬಂದು ಕೂತಾಗ, ಸರಿಯಾಗಿ ಅದೇ ಪೆಟ್ಟಿಗೆ ದೊಡ್ಡಪ್ಪನ ಅಂಗೈ ನನ್ನ ತೊಡೆಯ ಮೇಲೆ ಬಿತ್ತು. ಚುರ್ರೆಂದಿತು.

ಕಾರ್ಯಕ್ರಮ ಮುಗಿದು ಬಸ್ ಸ್ಟ್ಯಾಂಡಿಗೆ ಬಂದೆವು. ಸೀಟು ಸಿಕ್ಕಿ ಕೂತ ಮೇಲೆ ಅವರೇ ಅಂದರು:

"ಆ ಡ್ರಮ್ಮಿನೋನಂಥೋನು ಒಬ್ಬ ನಮ್ಮ ಭಜನೇಗೆ ಸಿಕ್ಕಿದ್ದಿದ್ರೆ, ನಾವು ನಿಲ್ಲಿಸ್ತಾನೇ ಇರ್ಲಿಲ್ಲ ಕಣೋ."